ಇಂಪ್ಲಾಂಟ್ ಹಲ್ಲು ಕಟ್ಟಿಸುವ ಮುನ್ನ

ಹಲ್ಲುಪುಡಿ ಎಂದೊಡನೆ ನಂಜನಗೂಡು ನೆನಪಾಗುತ್ತದೆ. ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ತೆರೆದ ಊರು ಇದು. ಆದರೆ ಬಿದ್ದ ಹಲ್ಲನ್ನು ಯಾವ ಪುಡಿಯೂ ತಾರದು. ಮುದ್ದೆ ನುಂಗಲು, ರಸಬಾಳೆ ತಿನ್ನಲು ಹಲ್ಲಿಲ್ಲದಿದ್ದರೂ ನಡೆದೀತು. ಕಬ್ಬು ಬೆಳೆಯುವ ನಂಜನಗೂಡು, ತಿ. ನರಸೀಪುರದ ರೈತ ಒಂದು ಜಲ್ಲೆ ಅಗಿಯಬೇಡವೆ?

ಇಂಪ್ಲಾಂಟ್ ಎಂದರೆ ದವಡೆಯ ಮೂಳೆಯಲ್ಲಿ ನೆಡುವ ಟೈಟಾನಿಯಂ ಲೋಹದ ಸಣ್ಣ ತಿರುಪು. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯರು 1965ರಲ್ಲಿ ಇದನ್ನು ರೋಗಿಯೊಬ್ಬರಿಗೆ ನೆಟ್ಟರು. ಮೂಳೆ ಲೋಹವನ್ನು ಬಿಗಿಯಾಗಿ ಹಿಡಿಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು, ಅಂದರೆ ಒಂದು ಬೆಳೆಯ ಕಾಲ. ಆಮೇಲೆ ಅದರ ಮೇಲೆ ಹಲ್ಲು ಕೂರಿಸುತ್ತಾರೆ. ಪೈರು ಬೇರೂರುವ ಮುನ್ನ ಅಲುಗಿಸಬಾರದೆಂದು ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಬೇಗ ಮಾಯದು. ಬೀಡಿ ಸೇದುವವರಲ್ಲಿ ತಿರುಪು ಸಡಿಲವಾಗುವುದು ಹೆಚ್ಚು. ಇವನ್ನೂ, ರಕ್ತ ತೆಳುವಾಗಿಸುವ ಗುಳಿಗೆ, ಮೂಳೆ ಸವೆತದ ಮದ್ದು ತೆಗೆದುಕೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಂದ ಮುಚ್ಚಿಡಬೇಡಿ. ಹಲ್ಲು ಹೋಗಿ ಬಹಳ ವರ್ಷವಾಗಿದ್ದರೆ ಮೂಳೆ ಕರಗಿರುತ್ತದೆ; ಮೂಳೆ ತುಂಬಿಸುವ ಖರ್ಚು ಬೇರೆ.

ಹಣದ ಮಾತನ್ನು ಮೊದಲೇ ಆಡಿ. ತಿರುಪಿಗೆಷ್ಟು, ಹಲ್ಲಿಗೆಷ್ಟು ಎಂದು ಬರೆಸಿಕೊಳ್ಳಿ. ಹಸು ಮಾರಿ ತಿರುಪು ನೆಡಿಸಿ, ಹಲ್ಲಿಗೆ ಹಣವಿಲ್ಲದೆ ಅರ್ಧಕ್ಕೆ ನಿಲ್ಲಿಸಿದರೆ ಹಸುವೂ ಇಲ್ಲ, ಹಲ್ಲೂ ಇಲ್ಲ. ಅಂಥ ಅನುಕೂಲವಿಲ್ಲದವರಿಗೆ ಕಟ್ಟಿಸುವ ಹಲ್ಲಿನ ಸೆಟ್ಟು ಏನೂ ಕೀಳಲ್ಲ. 2014ರಲ್ಲಿ ಆರಂಭವಾದ ಸರ್ಕಾರದ ದಂತಭಾಗ್ಯ ಯೋಜನೆ ಬಡ ಹಿರಿಯರಿಗೆ ಕೊಟ್ಟದ್ದು ಅದನ್ನೇ. ಸಂಶಯವಿದ್ದರೆ ಮೈಸೂರಿನ ದಂತವೈದ್ಯ ಕಾಲೇಜಿನ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸಿ.

ಲೋಹಕ್ಕೆ ಹುಳುಕು ಹಿಡಿಯದು, ನಿಜ. ಉಜ್ಜದಿದ್ದರೆ ಸುತ್ತಲ ವಸಡು ಕೀವಾಗಿ ಮೂಳೆ ಕರಗುತ್ತದೆ. ಕಬ್ಬನ್ನು ಮಾತ್ರ ಕತ್ತಿಯಲ್ಲೇ ಸಿಗಿದು, ತುಂಡು ಮಾಡಿ ತಿನ್ನಿ.