ಕತ್ತರಿಯ ಬಳಗದ ಒಂದು ಶಬ್ದ

‘ಖಂಡಿತವಾಗಿ ಬರುತ್ತೇವೆ’ ಎಂದು ನಾವು ಮಾತು ಕೊಡುವಾಗ, ಏನನ್ನಾದರೂ ಕಡಿಯುವ ಯೋಚನೆ ನಮ್ಮ ಮನಸ್ಸಿನಲ್ಲಿರುವುದಿಲ್ಲ. ಆದರೂ ಸಂಸ್ಕೃತದಲ್ಲಿ ‘ಖಂಡಿತ’ವೆಂದರೆ ತುಂಡರಿಸಿದ್ದು ಎಂದೇ ಅರ್ಥ. ಸಂಶಯವನ್ನು ಕಡಿದುಹಾಕಿದ ಮೇಲೆ ಉಳಿಯುವುದು ನಿಶ್ಚಯವಷ್ಟೆ. ಇಂಗ್ಲಿಷಿನ ‘ಪ್ರಿಸೈಸ್ಲಿ’ ಎಂಬ ಕ್ರಿಯಾವಿಶೇಷಣವೂ ಇಂಥದೇ ದಾರಿಯಲ್ಲಿ ನಡೆದುಬಂದಿದೆ.

ಲ್ಯಾಟಿನ್ ಭಾಷೆಯಲ್ಲಿ ‘ಪ್ರೈ’ ಎಂದರೆ ಮುಂದೆ. ‘ಕೈದೆರೆ’ ಎಂದರೆ ಕಡಿಯುವುದು. ಇವೆರಡೂ ಕೂಡಿ, ತುದಿಯನ್ನು ಕತ್ತರಿಸುವುದು ಎಂಬರ್ಥದ ‘ಪ್ರೈಕೀದೆರೆ’ ಆಯಿತು. ಬೇಡವಾದುದನ್ನು ಕತ್ತರಿಸಿದ ಮಾತು ಚಿಕ್ಕದಾಗುತ್ತದೆ, ಸ್ಪಷ್ಟವೂ ಆಗುತ್ತದೆ. ಹೀಗೆ ಫ್ರೆಂಚ್ ಮತ್ತು ಲ್ಯಾಟಿನ್‌ಗಳಿಂದ ಇಂಗ್ಲಿಷಿಗೆ ಬಂದ ಈ ಶಬ್ದಕ್ಕೆ ‘ಕರಾರುವಾಕ್ಕಾಗಿ’ ಎಂಬ ಅರ್ಥ ನೆಲೆಗೊಂಡಿತು.

ಇದರ ನೆಂಟರು ನಮ್ಮ ಸುತ್ತಲೂ ಇದ್ದಾರೆ. ದರ್ಜಿಯ ‘ಸಿಜರ್ಸ್’, ಮನೆ ಕಟ್ಟುವ ‘ಸಿಮೆಂಟ್’ ಎರಡೂ ಅದೇ ಧಾತುವಿನ ಸಂತಾನ. ರೋಮನರು ಒಡೆದ ಕಲ್ಲಿನ ಚೂರುಗಳನ್ನು ‘ಕೈಮೆಂತುಂ’ ಎನ್ನುತ್ತಿದ್ದರು. ಕಚ್ಚಿ ಕತ್ತರಿಸುವ ಮುಂಬದಿಯ ಹಲ್ಲು ಇಂಗ್ಲಿಷಿನಲ್ಲಿ ‘ಇನ್ಸೈಸರ್’. ನಮ್ಮವರು ಅದಕ್ಕೆ ಬಡಗಿಯ ಬಾಚಿಯನ್ನು ನೆನೆದು ಬಾಚಿಹಲ್ಲೆಂದು ಹೆಸರಿಟ್ಟರು.

ವಿಜ್ಞಾನದಲ್ಲಿ ಇದರ ಜೊತೆಗೆ ‘ಆಕ್ಯುರೇಟ್ಲಿ’ ಎಂಬ ಇನ್ನೊಂದು ಶಬ್ದವೂ ಬಳಕೆಯಲ್ಲಿದೆ. ಅದರ ಮೂಲ ಲ್ಯಾಟಿನಿನ ‘ಕೂರಾ’, ಅಂದರೆ ಆಸ್ಥೆ. ದಿನದ ಮಾತಿನಲ್ಲಿ ಎರಡೂ ಒಂದೇ ಎನಿಸಿದರೂ ಪ್ರಯೋಗಶಾಲೆಯಲ್ಲಿ ಹಾಗಲ್ಲ. ಒಂದೇ ವಸ್ತುವನ್ನು ಎಷ್ಟು ಸಲ ತೂಗಿದರೂ ಅದೇ ಅಂಕಿಯನ್ನು ತೋರಿಸುವ ತಕ್ಕಡಿ ಮೊದಲನೆಯ ಗುಣವುಳ್ಳದ್ದು. ಆ ಅಂಕಿ ವಸ್ತುವಿನ ನಿಜವಾದ ತೂಕವೂ ಆಗಿದ್ದರೆ ಮಾತ್ರ ಎರಡನೆಯ ಗುಣವುಂಟು.

ಒಂದಿದ್ದು ಇನ್ನೊಂದಿಲ್ಲದಿದ್ದರೆ ಏನಾದೀತೆಂಬುದಕ್ಕೆ ಹಬಲ್ ದೂರದರ್ಶಕವೇ ಸಾಕ್ಷಿ. 1990ರ ಏಪ್ರಿಲಿನಲ್ಲಿ ಆಕಾಶಕ್ಕೇರಿದ ಅದರ 2.4 ಮೀಟರ್ ಅಗಲದ ಕನ್ನಡಿಯನ್ನು ಅತ್ಯಂತ ನಯವಾಗಿ ಉಜ್ಜಲಾಗಿತ್ತು. ಆದರೆ ಆಕಾರವನ್ನು ಪರೀಕ್ಷಿಸುವ ಉಪಕರಣದ ಒಂದು ಮಸೂರ 1.3 ಮಿಲಿಮೀಟರಿನಷ್ಟು ಸ್ಥಳ ತಪ್ಪಿತ್ತು. ಉಜ್ಜಿದವರು ಆ ತಪ್ಪು ಅಳತೆಯನ್ನೇ ಕರಾರುವಾಕ್ಕಾಗಿ ಅನುಸರಿಸಿದ್ದರಿಂದ ಕನ್ನಡಿಯ ಅಂಚು ಸುಮಾರು 2.2 ಮೈಕ್ರಾನಿನಷ್ಟು ಹೆಚ್ಚು ಚಪ್ಪಟೆಯಾಗಿ, ನಕ್ಷತ್ರಗಳ ಚಿತ್ರಗಳು ಮಸುಕಾದುವು. ಆದರೆ ದೋಷವೂ ಅಷ್ಟೇ ಕರಾರುವಾಕ್ಕಾಗಿದ್ದುದರಿಂದ ಅದಕ್ಕೆ ಪ್ರತಿಯಾದ ತಿದ್ದುಪಡಿ ಸಾಧ್ಯವಾಯಿತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ತಿದ್ದುವ ಉಪಕರಣಗಳನ್ನು ಜೋಡಿಸಿ ಬಂದರು.

ಆದುದರಿಂದ, ದಶಾಂಶಬಿಂದುವಿನ ಮುಂದೆ ಸಾಲಾಗಿ ನಿಂತ ಅಂಕಿಗಳನ್ನು ಕಂಡಾಗ ನಾವು ಕೂಡಲೆ ತಲೆಬಾಗಬೇಕಿಲ್ಲ. ಕತ್ತರಿ ಎಷ್ಟು ಹರಿತವೆಂಬುದರ ಜೊತೆಗೆ, ಗೆರೆ ಎಳೆದ ಜಾಗ ಸರಿಯೇ ಎಂಬುದನ್ನೂ ವಿಚಾರಿಸಬೇಕು.