ಲಾರಿಯ ಫ್ಯಾನ್ ಬೆಲ್ಟ್ ಕಿರುಚುವುದೇಕೆ?

ಹಳೆಯ ಲಾರಿ ಎಂಜಿನ್ನಿನ ಮುಂಭಾಗದಲ್ಲಿ ಸುತ್ತುವ ಫ್ಯಾನ್ ಬೆಲ್ಟಿಗೆ ಕೆಲಸ ಒಂದೆರಡಲ್ಲ. ಕ್ರ್ಯಾಂಕ್ ಪುಲ್ಲಿಯಿಂದ ಶಕ್ತಿ ಪಡೆದು ರೇಡಿಯೇಟರ್ ಫ್ಯಾನು, ವಾಟರ್ ಪಂಪು, ಆಲ್ಟರ್ನೇಟರುಗಳನ್ನು ತಿರುಗಿಸುವುದು ಅದೇ. ಅದು ಕಿರುಚುವುದು ಹೆಚ್ಚಾಗಿ ಬೆಳಗ್ಗೆ, ಸೆಲ್ಫ್ ಹೊಡೆದ ಮರುಗಳಿಗೆಯಲ್ಲಿ. ಎಂಜಿನ್ ಎಬ್ಬಿಸಲು ಬ್ಯಾಟರಿ ಆಗತಾನೆ ಕರೆಂಟು ಸುರಿದಿರುತ್ತದೆ. ಅದನ್ನು ತುಂಬಿಕೊಡಲು ಆಲ್ಟರ್ನೇಟರ್ ಹೆಣಗುವುದರಿಂದ ಬೆಲ್ಟಿನ ಮೇಲೆ ಭಾರ ಬೀಳುತ್ತದೆ. ರಾತ್ರಿಯ ಇಬ್ಬನಿ, ಚಳಿಗೆ ಬಿರುಸಾದ ರಬ್ಬರು ಜೊತೆಗೂಡಿದಾಗ ಬೆಲ್ಟ್ ಪುಲ್ಲಿಯ ಮೇಲೆ ಜಾರುತ್ತದೆ. ಸ್ವಲ್ಪ ಹೊತ್ತಿಗೆ ಸದ್ದು ಅಡಗಿತೆಂದರೆ ಭಾರ ಇಳಿಯಿತೆಂದಷ್ಟೇ ಅರ್ಥ. ದೋಷ ಅಲ್ಲೇ ಇರುತ್ತದೆ.

ಜಾರುವ ಬೆಲ್ಟ್ ಒಂದೇ ಸಮನೆ ಜಾರುವುದಿಲ್ಲ. ಪುಲ್ಲಿಗೆ ಅಂಟುತ್ತದೆ, ಬಿಡುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಅಂಟುಬಿಡುವಾಟವೇ ಬೆಲ್ಟನ್ನು ನಡುಗಿಸಿ ಸದ್ದು ಹುಟ್ಟಿಸುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಇದೇ ಬಗೆಯಲ್ಲಿ.

ಹಳೆಯ ಲಾರಿಗಳಲ್ಲಿರುವುದು ವಿ-ಬೆಲ್ಟ್. ಅಮೆರಿಕದ ಡೆನ್ವರಿನಲ್ಲಿ ಜಾನ್ ಗೇಟ್ಸ್ 1917ರಲ್ಲಿ ಇದನ್ನು ರೂಪಿಸಿದರು. ಇದರ ಜಾಣತನವಿರುವುದು ಆಕಾರದಲ್ಲಿ. ಬೆಲ್ಟ್ ಪುಲ್ಲಿಯ ತಳದ ಮೇಲೆ ಕೂರುತ್ತದೆಂಬುದು ಬಹುಜನರ ಎಣಿಕೆ. ವಾಸ್ತವದಲ್ಲಿ ತಳವನ್ನು ಅದು ಮುಟ್ಟಲೇಬಾರದು! ಬೆಣೆಯಂತಿರುವ ಅದರ ಎರಡು ಪಕ್ಕೆಗಳು ಪುಲ್ಲಿಯ ಓರೆ ಗೋಡೆಗಳನ್ನು ಒತ್ತಿ ಹಿಡಿಯಬೇಕು. ಗೋಡೆಗಳ ನಡುವಿನ ಕೋನ 38 ಡಿಗ್ರಿ ಇದ್ದರೆ, ಅಷ್ಟೇ ಬಿಗಿತದ ಚಪ್ಪಟೆ ಬೆಲ್ಟಿಗಿಂತ ಸುಮಾರು 3 ಪಟ್ಟು ಒತ್ತುಬಲ ಸಿಗುತ್ತದೆ. ಪಕ್ಕೆ ಸವೆದು ಬೆಲ್ಟ್ ತಳಕ್ಕಿಳಿದ ದಿನ ಈ ಮೂರುಪಟ್ಟು ಹಿಡಿತವೆಲ್ಲ ಮಾಯ. ಆಮೇಲೆ ಎಷ್ಟು ಬಿಗಿದರೂ ಕಿರುಚಾಟ ನಿಲ್ಲದು, ಬೇರಿಂಗ್ ಮಾತ್ರ ಹಾಳಾಗುತ್ತದೆ. ಪುಲ್ಲಿಯ ತಳ ಉಜ್ಜಿದಂತೆ ಹೊಳೆಯುತ್ತಿದ್ದರೆ ಇದೇ ಕಾರಣ.

ಕಿರುಚುವ ಬೆಲ್ಟಿಗೆ ಸೋಪು ಉಜ್ಜುವುದು, ಎಣ್ಣೆ ಹಚ್ಚುವುದು ತೀರ ಕೆಟ್ಟ ರೂಢಿ. ಸದ್ದು ಅಡಗುವುದು ನಿಜ, ಆದರೆ ಜಾರುವಿಕೆ ಇನ್ನಷ್ಟು ಸಲೀಸಾಗಿರುತ್ತದೆ. ಎಣ್ಣೆ ತಾಗಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಎಚ್ಚರಿಸುವ ದನಿಯ ಬಾಯಿ ಮುಚ್ಚಿ ಘಾಟಿ ಹತ್ತಿದರೆ ಬೆಲ್ಟ್ ನಡುದಾರಿಯಲ್ಲಿ ಹರಿಯಬಹುದು. ಆಗ ವಾಟರ್ ಪಂಪ್ ನಿಂತು, ಎಂಜಿನ್ ಕಾದು, ಹೆಡ್ ಗ್ಯಾಸ್ಕೆಟ್ಟಿಗೇ ಕುತ್ತು.

ದೋಷ ಹುಡುಕಲು ಬಾಟಲಿಯಲ್ಲಿ ಸ್ವಲ್ಪ ನೀರು ಸಾಕು. ಕೈ, ಟವೆಲ್ಲು, ಲುಂಗಿಯ ತುದಿ ಯಾವುದೂ ಹತ್ತಿರ ಸುಳಿಯದಂತೆ ದೂರದಿಂದ, ತಿರುಗುವ ಬೆಲ್ಟಿನ ಪಕ್ಕೆಗೆ ಚಿಮುಕಿಸಬೇಕು. ಸದ್ದು ಜೋರಾದರೆ ಬೆಲ್ಟ್ ಸಡಿಲ. ಕ್ಷಣಕಾಲ ನಿಂತು ಮರಳಿದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲದಿರಬಹುದು; ಎಂಜಿನ್ ಆರಿಸಿ, ನೇರ ಪಟ್ಟಿಯೊಂದನ್ನು ಪುಲ್ಲಿಗಳ ಮುಖಕ್ಕೆ ಅಡ್ಡಹಿಡಿದರೆ ಓರೆ ಕಾಣುತ್ತದೆ. ಬೆಲ್ಟ್ ಕಳಚಿ ಪುಲ್ಲಿಗಳನ್ನು ಕೈಯಲ್ಲಿ ತಿರುಗಿಸಿದಾಗ ಗರಗರ ಎನಿಸಿದರೆ ತಪ್ಪು ಬೇರಿಂಗಿನದು.

ಪಕ್ಕೆ ಗಾಜಿನಂತೆ ನುಣುಪಾದ, ಬಿರುಕುಬಿಟ್ಟ ಬೆಲ್ಟನ್ನು ಎಸೆಯಬೇಕು. ಹೊಸದನ್ನು ಹಾಕುವ ಮೊದಲು ಪುಲ್ಲಿಯ ಎಣ್ಣೆ, ತುಕ್ಕು ತೆಗೆಯಬೇಕು. ಆಲ್ಟರ್ನೇಟರಿನ ಬೋಲ್ಟ್ ಸಡಿಲಿಸಿ ಹೊರಗೆಳೆದರೆ ಬೆಲ್ಟ್ ಬಿಗಿಯುತ್ತದೆ. ಎರಡು ಪುಲ್ಲಿಗಳ ನಡುವಿನ ಉದ್ದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10ರಿಂದ 15 ಮಿ.ಮೀ. ತಗ್ಗುವುದು ಬಹುತೇಕ ಹಳೆಯ ಎಂಜಿನ್ನುಗಳಿಗೆ ಸರಿಯಾದ ಹದ. ಜೋಡಿ ಬೆಲ್ಟಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಇಲ್ಲವಾದರೆ ಹಿಗ್ಗಿದ ಹಳೆಯದರ ಭಾರವೂ ಹೊಸದರ ಮೇಲೆಯೇ. ಹೊಸ ಬೆಲ್ಟ್ ಪುಲ್ಲಿಗೆ ಹೊಂದಿಕೊಳ್ಳುವಾಗ ತುಸು ಸಡಿಲಾಗುತ್ತದೆ, ಆದ್ದರಿಂದ ಮೊದಲ ದಿನದ ಓಡಾಟ ಮುಗಿದ ಮೇಲೆ ಬಿಗಿತವನ್ನು ಮತ್ತೊಮ್ಮೆ ನೋಡಲೇಬೇಕು.