ತೊಳೆದು ತೊಳೆದು ಮೀನು ಕೊಂದೆವು

ಪೆರ್ನಾಲ್‌ಗೆ ಸಿಕ್ಕಿದ ಕಾಸನ್ನೆಲ್ಲ ಒಟ್ಟು ಮಾಡಿ ನನ್ನ ಕಿರಿಯ ಮಗ ಚಿಕ್ಕಮಗಳೂರು ಪೇಟೆಯಿಂದ ಒಂದು ಗುಂಡಗಿನ ಗಾಜಿನ ಬುಡ್ಡಿ ಮತ್ತು ಎರಡು ಗೋಲ್ಡ್ ಫಿಶ್ ತಂದಿದ್ದ. ಜೊತೆಗೆ 'ಇದು ಬುಡ್ಡಿ ಕ್ಲೀನ್ ಮಾಡ್ತದೆ' ಎಂದು ಅಂಗಡಿಯವರು ಕೊಟ್ಟ ಒಂದು ಕಪ್ಪು ಸಕ್ಕರ್ ಮೀನು. ಕೈಮರ ಚೆಕ್‌ಪೋಸ್ಟ್ ದಾಟಿ ಅತ್ತಿಗುಂಡಿ ತಲುಪುವವರೆಗೆ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಹನ್ನೊಂದು ದಿನಕ್ಕೆ ಮೂರೂ ಸತ್ತವು.

ಸ್ವಚ್ಛತೆಯಲ್ಲಿ ನಾವೇನೂ ಕಡಿಮೆ ಮಾಡಿರಲಿಲ್ಲ. ದಿನ ಬಿಟ್ಟು ದಿನ ಪೂರ್ತಿ ನೀರು ಚೆಲ್ಲಿ, ಬಣ್ಣದ ಕಲ್ಲುಗಳನ್ನು ಪಾತ್ರೆ ತೊಳೆಯುವ ಸೋಪು ಹಾಕಿ ತಿಕ್ಕಿ, ಹೊಸ ನೀರು ತುಂಬುತ್ತಿದ್ದೆವು. ಗಾಜು ಫಳಫಳ ಹೊಳೆಯುತ್ತಿತ್ತು. ಕೊನೆಯ ಮೀನನ್ನು ಹಿತ್ತಿಲಲ್ಲಿ ಹೂಳುವಾಗ ಹುಡುಗ ಕೇಳಿದ: 'ಉಪ್ಪ, ನಾವೇ ಕೊಂದದ್ದಾ?'

ಉತ್ತರ ಹೇಳಲು ನನಗೆ ಕಷ್ಟವಾಯಿತು. ಮೀನು ಎಂದರೆ ನಮ್ಮ ಮನೆಗಳಲ್ಲಿ ಬಂಗುಡೆ, ಭೂತಾಯಿ. ಅದು ಸಾರಿನ ವಿಷಯ. ಸಾಕುವುದು ಬೇರೆ. ಹಝ್ರತ್ ಅನಸ್(ರ) ಅವರ ಪುಟ್ಟ ತಮ್ಮ ಅಬೂ ಉಮೈರ್ ಬಳಿ ಒಂದು ಚಿಕ್ಕ ಹಕ್ಕಿಯಿತ್ತು, ಅದು ಸತ್ತಾಗ ಪ್ರವಾದಿ(ಸ) ಆ ಮಗುವಿನ ಬೇಸರವನ್ನು ವಿಚಾರಿಸಿದರು ಎಂಬುದನ್ನು ಮದ್ರಸದಲ್ಲಿ ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೇನೆ. ಬೆಕ್ಕನ್ನು ಕಟ್ಟಿಹಾಕಿ, ತಾನೂ ತಿನ್ನಿಸದೆ, ಅದಾಗಿ ಹುಡುಕಿ ತಿನ್ನಲೂ ಬಿಡದೆ ಕೊಂದ ಹೆಂಗಸಿನ ವಿಷಯವನ್ನೂ ಹೇಳಿದ್ದೇನೆ. ಪ್ರಾಣಿಯನ್ನು ಸಾಕಬಹುದು, ಆದರೆ ಬಂಧಿಸಿಟ್ಟ ಮೇಲೆ ಅದರ ಅನ್ನ ನೀರಿನ ಲೆಕ್ಕ ನಮ್ಮದು. ಮೀನಿನ ವಿಷಯದಲ್ಲಿ ನೀರೇ ಅದರ ಗಾಳಿಯೂ ಮನೆಯೂ. ಹಾಗಾಗಿ ತಿಳಿದವರನ್ನು ಕೇಳಿ, ಓದಿ, ಎರಡನೇ ಸಲ ಸರಿಯಾಗಿ ಶುರು ಮಾಡಿದೆವು.

ಮೊದಲು ಗೊತ್ತಾದದ್ದು, ನಾವು ಕೊಳೆಯಿಂದಲ್ಲ, ತೊಳೆದೇ ಮೀನು ಕೊಂದೆವು ಎಂಬುದು. ಮೀನಿನ ಕಿವಿರು ಮತ್ತು ಹಿಕ್ಕೆಯಿಂದ ಅಮೋನಿಯಾ ಹೊರಬರುತ್ತದೆ. ಉಳಿದ ಆಹಾರ ಕೊಳೆತರೂ ಅದೇ. ಇದು ಕಣ್ಣಿಗೆ ಕಾಣದ ವಿಷ. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಇರಬಹುದು. ಕಲ್ಲು, ಗಾಜು, ಫಿಲ್ಟರಿನ ಸ್ಪಂಜಿನ ಮೇಲೆ ನಿಧಾನಕ್ಕೆ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಜಾತಿಯದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟನ್ನು ಮೀನು ಸಾಕಷ್ಟು ಮಟ್ಟಿಗೆ ತಡೆದುಕೊಳ್ಳುತ್ತದೆ, ಗಿಡಗಳು ಹೀರಿಕೊಳ್ಳುತ್ತವೆ. ನಾವು ಸೋಪು ಹಾಕಿ ತಿಕ್ಕಿ ತೆಗೆದದ್ದು ಇದೇ ಬ್ಯಾಕ್ಟೀರಿಯಾವನ್ನು. ಮೊಸರಿನ ಪಾತ್ರೆಯಿಂದ ಹೆಪ್ಪಿಗೂ ಉಳಿಸದೆ ತೊಳೆದಿಟ್ಟು, ನಾಳೆ ಹಾಲು ಯಾಕೆ ಹೆಪ್ಪುಗಟ್ಟಲಿಲ್ಲ ಎಂದು ಕೇಳಿದ ಹಾಗಾಯಿತು ನಮ್ಮ ಕಥೆ.

ಈ ಹೆಪ್ಪು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಚಳಿಯಲ್ಲಿ ಇನ್ನೂ ನಿಧಾನ. ತೊಟ್ಟಿಗೆ ನೀರು ತುಂಬಿ, ಫಿಲ್ಟರ್ ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ, ಮೀನೇ ಇಲ್ಲದೆ ಕಾಯಬೇಕು. ಮಕ್ಕಳಿಗೆ ಇದು ದೊಡ್ಡ ಶಿಕ್ಷೆ. 'ಎಂತ ಉಸ್ತಾದ್, ಬರೇ ನೀರು ಸಾಕ್ತಿದ್ದೀರಾ?' ಎಂದು ಮದ್ರಸದ ಮಕ್ಕಳು ನಕ್ಕರು. ಪರಿಚಯದವರಲ್ಲಿ ಹಳೆಯ ಅಕ್ವೇರಿಯಂ ಇದ್ದರೆ ಅವರ ಫಿಲ್ಟರಿನ ಕೊಳಕು ಸ್ಪಂಜಿನ ಒಂದು ತುಂಡು ಕೇಳಿ ತನ್ನಿ, ಪಕ್ಕದ ಮನೆಯಿಂದ ಹೆಪ್ಪು ತಂದಂತೆ. ಕಾಯುವ ದಿನ ಬಹಳ ಕಡಿಮೆಯಾಗುತ್ತದೆ. ಅಮೋನಿಯಾ ಪರೀಕ್ಷಿಸುವ ಸಣ್ಣ ಕಿಟ್ ಅಂಗಡಿಗಳಲ್ಲಿ ಸಿಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆಯೇ ಮೀನು.

ಬುಡ್ಡಿಯನ್ನು ಅಟ್ಟಕ್ಕೆ ಹಾಕಿ 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿ ತಂದೆವು. 25 ಸೆಂಟಿಮೀಟರ್ ನೀರು ನಿಲ್ಲಿಸಿದರೆ 45 ಲೀಟರ್, ಅಂದರೆ 45 ಕೆ.ಜಿ. ಗಾಜು, ಕಲ್ಲು ಬೇರೆ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಇಡುವ ಸಾಮಾನಲ್ಲ ಇದು.

ಇನ್ನು ಯಾವ ಮೀನು? ಗೋಲ್ಡ್ ಫಿಶ್ ಚಳಿ ತಡೆಯುತ್ತದೆ ನಿಜ. ಆದರೆ ಅದು ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲ, ಗೇಣುದ್ದ ಬೆಳೆಯಬಲ್ಲ, ಬಹಳ ಗಲೀಜು ಮಾಡುವ ಮೀನು. ನಮ್ಮ 45 ಲೀಟರೂ ಅದಕ್ಕೆ ಸಾಲದು, ಬುಡ್ಡಿಯ ಮಾತಂತೂ ಬಿಡಿ. ಸಕ್ಕರ್ ಮೀನು ಒಂದು ಅಡಿಗಿಂತ ಉದ್ದವಾಗುತ್ತದೆ. ಅದು ಪಾಚಿ ತಿನ್ನುತ್ತದೆ, ತಿಂದದ್ದಕ್ಕಿಂತ ಜಾಸ್ತಿ ಹಿಕ್ಕೆ ಹಾಕುತ್ತದೆ ಎಂದೇ ನನ್ನ ಅನುಭವ. ಬೆಟ್ಟಾ ಮೀನಿಗೆ 24 ಡಿಗ್ರಿಗಿಂತ ಬೆಚ್ಚಗಿನ ನೀರು ಬೇಕು. ಜನವರಿಯ ಒಂದು ಬೆಳಿಗ್ಗೆ ಸುಬಹಿ ನಮಾಝ್ ಮುಗಿಸಿ ಬಂದು ನೋಡಿದಾಗ ನಮ್ಮ ತೊಟ್ಟಿಯಲ್ಲಿ 17 ಡಿಗ್ರಿ ಇತ್ತು. ಹೀಟರ್ ಹಾಕಬಹುದು, ಲೀಟರಿಗೆ ಸುಮಾರು ಒಂದು ವ್ಯಾಟ್ ಲೆಕ್ಕದಲ್ಲಿ 50 ವ್ಯಾಟಿನದು ಸಾಕು. ಆದರೆ ಅತ್ತಿಗುಂಡಿಯ ಕರೆಂಟಿನ ಬಗ್ಗೆ ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ.

ನಾವು ಆರಿಸಿದ್ದು ಝೀಬ್ರಾ ಡೇನಿಯೊ. ನಮ್ಮ ದೇಶದ್ದೇ ಮೀನು, ಬೆರಳಿನ ಎರಡು ಗೆಣ್ಣು ಉದ್ದ, ಮೈಮೇಲೆ ನೀಲಿ ಗೀರು, ಚಳಿಗೆ ಹೆದರುವುದಿಲ್ಲ. ಒಂಟಿಯಾಗಿ ಇಡಬಾರದು, ಆರಾದರೂ ಇರಬೇಕು. ಮೊದಲು ನಾಲ್ಕು ಬಿಟ್ಟು, ಎರಡು ವಾರ ನೋಡಿ ಮತ್ತೆ ನಾಲ್ಕು ಬಿಟ್ಟೆವು. ಎಂಟಕ್ಕೆ ನಿಲ್ಲಿಸಿದೆವು. ಖಾಲಿ ಕಾಣುತ್ತದೆ ಎಂದು ನೆಂಟರು ಹೇಳುತ್ತಾರೆ, ಹೇಳಲಿ.

ಮಲೆನಾಡಿನ ಝರಿ ನೀರು ಕುಡಿಯಲು ಅಮೃತ. ಆದರೆ ಸುಣ್ಣದ ಅಂಶ ತೀರಾ ಕಡಿಮೆ, ತೊಟ್ಟಿಯಲ್ಲಿ ದಿನ ಕಳೆದಂತೆ ಹುಳಿಯಾಗುತ್ತದೆ. ಮೋಲಿ, ಗಪ್ಪಿ ಜಾತಿಗಳು ಇಂಥ ನೀರಿನಲ್ಲಿ ಸೊರಗುತ್ತವೆ. ಇದಕ್ಕೆ ಮದ್ದು ನಮ್ಮವರಲ್ಲೇ ಇದೆ. ಮಂಗಳೂರು ಕಡೆಯಿಂದ ನೆಂಟರು ಮರುವಾಯಿ ತಂದಾಗ ಚಿಪ್ಪುಗಳನ್ನು ಎಸೆಯಬೇಡಿ. ಕುದಿಸಿ, ಬ್ರಷ್‌ನಲ್ಲಿ ತಿಕ್ಕಿ, ಬಿಸಿಲಿಗೆ ಒಣಗಿಸಿ ಒಂದು ಹಿಡಿ ಫಿಲ್ಟರಿನ ಬಳಿ ಇಡಿ. ನಿಧಾನಕ್ಕೆ ಕರಗಿ ನೀರಿಗೆ ಸುಣ್ಣ ಸೇರಿಸುತ್ತದೆ.

ಎಸ್ಟೇಟ್ ಲೈನಿನ ಮನೆಗಳವರು ಒಂದು ವಿಷಯದಲ್ಲಿ ಬಹಳ ಜಾಗ್ರತೆ ಮಾಡಬೇಕು. ಕಾಫಿಗೆ, ಕರಿಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ. ಅದರ ತಾಮ್ರ ಮೀನಿಗೆ ವಿಷ, ನಮ್ಮಂಥ ಮೆದು ನೀರಿನಲ್ಲಿ ಇನ್ನೂ ಹೆಚ್ಚು. ಔಷಧಿ ಕಲಸಿದ ಡ್ರಮ್ಮು, ಬಕೆಟ್ಟು ಎಷ್ಟು ತೊಳೆದರೂ ಅಕ್ವೇರಿಯಂ ನೀರಿಗೆ ಬಳಸಬೇಡಿ. ಸ್ಪ್ರೇ ಮಾಡುವ ದಿನಗಳಲ್ಲಿ ತೋಟದ ಕೆಳಗಿನ ತೋಡಿನಿಂದ ನೀರು ತರಬೇಡಿ. ಮನೆಯೊಳಗಿನ ಸೊಳ್ಳೆ ಬತ್ತಿಯೂ ಅಷ್ಟೇ. ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುವುದರಿಂದ ಆ ಕೋಣೆಯಲ್ಲಿ ಬತ್ತಿ, ಲಿಕ್ವಿಡ್ ಮೆಷಿನ್ ಇಡಲೇಬಾರದು.

ಈಗ ನಮ್ಮ ಕೆಲಸ ವಾರಕ್ಕೊಮ್ಮೆ. ಶುಕ್ರವಾರ ಮದ್ರಸಕ್ಕೆ ರಜೆ. ಗುರುವಾರ ರಾತ್ರಿಯೇ ಒಂದು ಬಕೆಟ್ ನೀರು ಬಚ್ಚಲ ಒಲೆಯ ಹತ್ತಿರ ತೆರೆದಿಡುತ್ತೇವೆ. ಬ್ಲೀಚಿಂಗ್ ಪೌಡರ್ ಹಾಕಿದ ಟ್ಯಾಂಕಿನ ನೀರಾದರೆ 24 ಗಂಟೆ ಬೇಕು, ಕ್ಲೋರಿನ್ ಹೋಗಬೇಕಲ್ಲ. ಒಲೆಯ ಬಳಿ ಇಡುವುದು ತಣ್ಣೀರಿನ ಹೊಡೆತ ಬೀಳದಿರಲೆಂದು. ಥಟ್ಟನೆ ಚಳಿ ತಗುಲಿದರೆ ಮೀನಿನ ಮೈಮೇಲೆ ರವೆಯಂಥ ಬಿಳಿ ಚುಕ್ಕೆ ರೋಗ ಏಳುತ್ತದೆ. ಬೆಳಿಗ್ಗೆ ಪೈಪಿನಿಂದ ತಳದ ಕಸ ಎಳೆಯುತ್ತಾ 10 ಲೀಟರ್ ಮಾತ್ರ ತೆಗೆದು, ಅಷ್ಟೇ ಹೊಸ ನೀರು ತುಂಬುತ್ತೇವೆ. ಸ್ಪಂಜನ್ನು ತಿಂಗಳಿಗೊಮ್ಮೆ, ತೆಗೆದ ಆ ಹಳೆ ನೀರಿನಲ್ಲೇ ಎರಡು ಸಲ ಹಿಂಡಿದರೆ ಮುಗಿಯಿತು. ಸೋಪು ಮನೆಯ ಆ ಮೂಲೆಗೇ ಬರಬಾರದು. ಹಳೆ ನೀರು ಮೆಣಸಿನ ಗಿಡಕ್ಕೆ ಹೋಗುತ್ತದೆ, ಗಿಡ ನೋಡಿದವರು ಯಾವ ಗೊಬ್ಬರ ಎಂದು ಕೇಳುತ್ತಾರೆ. ಮನಿ ಪ್ಲಾಂಟಿನ ಒಂದು ಬಳ್ಳಿಯ ಬೇರು ನೀರಿನಲ್ಲಿ, ಎಲೆ ಹೊರಗೆ ಇರುವಂತೆ ಇಟ್ಟಿದ್ದೇವೆ. ನೈಟ್ರೇಟನ್ನು ಅದು ತಿನ್ನುತ್ತದೆ.

ಆಹಾರ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಈ ನಿಯಮ ಪಾಲಿಸುವುದೇ ಕಷ್ಟ. ಬಂದವರೆಲ್ಲ ಒಂದು ಚಿಟಿಕೆ ಹಾಕುತ್ತಾರೆ, ಪ್ರೀತಿಯಿಂದಲೇ. ಡಬ್ಬಿಯನ್ನು ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದೇನೆ.

ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಆಹಾರ ಪೂರ್ತಿ ನಿಲ್ಲಿಸಿದೆವು. ಗಂಟೆಗೊಮ್ಮೆ ಚೊಂಬಿನಲ್ಲಿ ನೀರು ಎತ್ತಿ ಮೇಲಿನಿಂದ ಸುರಿಯುವ ಡ್ಯೂಟಿ ಮಗನದು, ರಾತ್ರಿ ನನ್ನದು. ತಣ್ಣನೆಯ ನೀರಿನಲ್ಲಿ ಆಮ್ಲಜನಕ ಹೆಚ್ಚು ಹೊತ್ತು ನಿಲ್ಲುವುದರಿಂದ ನಮ್ಮ ಚಳಿ ಇಲ್ಲಿ ಉಪಕಾರಕ್ಕೆ ಬಂತು. ಕರೆಂಟ್ ಬಂದಾಗ ಸ್ಪಂಜನ್ನು ಹಿಂಡಿಯೇ ಫಿಲ್ಟರ್ ಚಾಲೂ ಮಾಡಿದೆವು, ಒಳಗೆ ಕೊಳೆತದ್ದು ತೊಟ್ಟಿಗೆ ಬರಬಾರದೆಂದು. ಎಂಟರಲ್ಲಿ ಒಂದು ಸತ್ತಿತು. ಈ ಸಲ ಹುಡುಗ ಆ ಪ್ರಶ್ನೆ ಕೇಳಲಿಲ್ಲ.

ಇನ್ನೊಂದು ಮಾತು. ಸಾಕಲಾಗದಿದ್ದರೆ ಮೀನನ್ನು ಹಳ್ಳಕ್ಕೆ ಬಿಡುವುದು ಪುಣ್ಯದ ಕೆಲಸ ಎಂದು ಕೆಲವರು ತಿಳಿದಿದ್ದಾರೆ. ನಮ್ಮ ಈ ಗಿರಿಯ ನೀರು ಒಂದು ಕಡೆ ಭದ್ರೆಗೆ, ಇನ್ನೊಂದು ಕಡೆ ವೇದಾವತಿಗೆ ಹೋಗುತ್ತದೆ. ಆಂಧ್ರ, ತಮಿಳುನಾಡು, ಕೇರಳದ ಕೆರೆ ಹೊಳೆಗಳಲ್ಲಿ ಯಾರೋ ಬಿಟ್ಟ ಸಕ್ಕರ್ ಮೀನು ತುಂಬಿ, ಬೆಸ್ತರ ಬಲೆ ಹರಿಯುತ್ತಿದೆ, ಊರಿನ ಮೀನು ಕಡಿಮೆಯಾಗುತ್ತಿದೆ. ಹಾಗೆಯೇ ಹೊನ್ನಮ್ಮನ ಹಳ್ಳದಂಥ ಕಡೆಯಿಂದ ಮೀನು ಹಿಡಿದು ತಂದು ತೊಟ್ಟಿಗೆ ಹಾಕುವುದೂ ಬೇಡ. ಹರಿಯುವ ನೀರಿನ ಮೀನು ನಿಂತ ನೀರಿನಲ್ಲಿ ಬಾಳುವುದಿಲ್ಲ. ಬೇಡವಾದ ಮೀನನ್ನು ಸಾಕುವ ಇನ್ನೊಬ್ಬರಿಗೆ ಕೊಡಿ. ಯಾರೂ ಇಲ್ಲದಿದ್ದರೆ ಅಂಗಡಿಗೇ ವಾಪಸು ಒಯ್ಯಿರಿ, ದುಡ್ಡು ಕೇಳದಿದ್ದರೆ ಹೆಚ್ಚಿನವರು ತೆಗೆದುಕೊಳ್ಳುತ್ತಾರೆ.